ಮಕ್ಕಳ ಕೋಣೆ ಯಾರಿಗಾಗಿ?

ನಮ್ಮ ಭಾಗದಲ್ಲಿ ಈಚೆಗೆ ಕಟ್ಟಲಾಗುತ್ತಿರುವ ಮನೆಗಳಲ್ಲಿ ಹೊಸದೊಂದು ಕೋಣೆ ಕಾಣಿಸಿಕೊಂಡಿದೆ. ಅದಕ್ಕೆ ಮಕ್ಕಳ ಕೋಣೆ ಎಂದು ಹೆಸರು. ಒಂದು ತಲೆಮಾರಿನ ಹಿಂದೆ ಕಮಲನಗರ, ಭಾಲ್ಕಿ, ಔರಾದಗಳ ಕಡೆ ಮನೆ ಕಟ್ಟುವ ಮೇಸ್ತ್ರಿಗೆ ಈ ಮಾತಿನ ಪರಿಚಯ ಅಷ್ಟಾಗಿ ಇರಲಿಲ್ಲ. ಪಡಸಾಲೆ, ಅಡುಗೆಮನೆ, ಜೋಳ ತೊಗರಿಯ ಚೀಲಗಳಿಗೆ ಒಂದು ಕತ್ತಲೆ ಕೋಣೆ, ಅನುಕೂಲವಿದ್ದವರಿಗೆ ಇನ್ನೊಂದು ಮಲಗುವ ಕೋಣೆ, ಇಷ್ಟರಲ್ಲಿ ಮನೆಯ ನಕ್ಷೆ ಮುಗಿಯುತ್ತಿತ್ತು. ಕಮಲನಗರ 2017-18ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಸಾಲಿಗೆ ಸೇರಿತು. ಇಂದು ಅಲ್ಲಿ ಎರಡಂತಸ್ತಿನ ಮನೆಗಳು ಏಳುತ್ತಿವೆ. ಹೈದರಾಬಾದು, ಪುಣೆಗಳಲ್ಲಿ ದುಡಿಯುವ ಮಕ್ಕಳು ಊರಿಗೆ ಹಣ ಕಳುಹಿಸುತ್ತಾರೆ, ಸೋಯಾ ಮಾರಿದ ಹಣವೂ ಅದಕ್ಕೆ ಸೇರುತ್ತದೆ. ಇದು ಸಂತೋಷದ ವಿಷಯ. ಜನರು ಒಳ್ಳೆಯ ಮನೆಯಲ್ಲಿ ಬಾಳುವುದನ್ನು ಕಂಡು ಹೊಟ್ಟೆಕಿಚ್ಚುಪಡುವ ವೈರಾಗ್ಯ ನನ್ನದಲ್ಲ. ಆದರೆ ಆ ಹೊಸ ಕೋಣೆಯ ಬಗ್ಗೆ ನನ್ನದೊಂದು ತಕರಾರಿದೆ. ಅದನ್ನು ಇಲ್ಲಿ ನೇರವಾಗಿಯೇ ಹೇಳಬೇಕೆಂದಿದ್ದೇನೆ.

ಹೊಸ ಮನೆ ಮಂತ್ರಿಸುವಾಗ ಗುರುಗಳು ಪವಿತ್ರ ಜಲ ಹಿಡಿದು ಪ್ರತಿಯೊಂದು ಕೋಣೆಗೂ ಹೋಗುವುದು ವಾಡಿಕೆ. ಹಾಗಾಗಿ ಊರಿನ ಇಂಜಿನಿಯರನಿಗಿಂತ ಹೆಚ್ಚು ಮನೆಗಳ ಒಳಭಾಗವನ್ನು ನಾವು ಕಂಡಿರುತ್ತೇವೆ. ಮನೆಯವರು ಅತಿ ಹೆಮ್ಮೆಯಿಂದ ಬಾಗಿಲು ತೆರೆದು ತೋರಿಸುವುದು ಈ ಮಕ್ಕಳ ಕೋಣೆಯನ್ನೇ. ಚಾವಣಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೋಡಗಳು, ಅವುಗಳ ನಡುವೆ ನೀಲಿ ದೀಪ, ಕತ್ತಲಲ್ಲಿ ಹೊಳೆಯುವ ಅಂಟುನಕ್ಷತ್ರಗಳು. ಗಂಡುಮಗುವಾದರೆ ನೀಲಿ ಗೋಡೆ ಮತ್ತು ಮೋಟಾರುಕಾರಿನ ಆಕಾರದ ಮಂಚ. ಹೆಣ್ಣುಮಗುವಾದರೆ ಗುಲಾಬಿ ಗೋಡೆ ಮತ್ತು ಚಿನ್ನದ ಕೂದಲಿನ ಯಾವುದೋ ದೇಶದ ರಾಜಕುಮಾರಿ. ಛೋಟಾ ಭೀಮನೂ ಡೋರೇಮಾನನೂ ಎರಡೂ ಕಡೆ ಸಮಾನವಾಗಿ ನಿಂತಿರುತ್ತಾರೆ. ಗಾಜಿನ ಕಪಾಟಿನಲ್ಲಿ ಆಟಿಕೆಗಳ ಸಾಲು. ಹಲವಕ್ಕೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರುವುದಿಲ್ಲ. ಮಗು ಅತ್ತ ಕೈಚಾಚಿದರೆ "ಮುಟ್ಟಬ್ಯಾಡ, ಹಾಳಾಗ್ತದ" ಎಂಬ ಮಾತು ಕೇಳಿಸುತ್ತದೆ. ಮಂಚದ ಮೇಲಿನ ಚಾದರದಲ್ಲಿ ಒಂದು ಸುಕ್ಕೂ ಇಲ್ಲ, ಗೋಡೆಯ ಮೇಲೆ ಒಂದು ಗೀಟೂ ಇಲ್ಲ. ಆಡುವ ಮಗುವಿನ ಕೋಣೆ ಹೀಗಿರಲು ಸಾಧ್ಯವೇ? ಅದು ಮಗುವಿಗಾಗಿ ಮಾಡಿದ್ದಲ್ಲ. ನೋಡಲು ಬರುವ ನೆಂಟರಿಗಾಗಿ, ಫೋನಿನಲ್ಲಿ ಹಾಕುವ ಚಿತ್ರಕ್ಕಾಗಿ ಮಾಡಿದ್ದು. ಮಗು ಅಲ್ಲಿ ಬಾಡಿಗೆಗೂ ಇರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಈಗಲೂ ಅವ್ವನ ಮಗ್ಗುಲಲ್ಲೇ ಮಲಗುತ್ತದೆ.

ಹಣ ನಮ್ಮದು, ಮಗು ನಮ್ಮದು, ಗುರುಗಳಿಗೆ ಇದರ ಚಿಂತೆ ಏಕೆ ಎಂದು ನೀವು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ನನ್ನ ಚಿಂತೆ ಬಣ್ಣದ ಕುರಿತಾದುದಲ್ಲ. ಆ ಕೋಣೆ ಮಾಡುವಾಗ ಮನೆಯಲ್ಲಿ ಯಾರ ಜಾಗ ಹೋಯಿತು, ಮಾಡಿದ ಮೇಲೆ ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತದೆ ಎಂಬುದರ ಕುರಿತಾದುದು.

ಮೊದಲು ಜಾಗದ ಮಾತು. "ಫಾದರ್, ಇದು ನಮ್ಮ ಹುಡುಗನ ರೂಮ್ ರೀ" ಎಂದು ತಾಯಿ ಹೇಳುತ್ತಾರೆ. "ಆಯಿ ಎಲ್ಲಿ ಮಲಗ್ತಾರ್ರೀ?" ಎಂದು ಕೇಳಿದರೆ, "ಅವರಿಗೇನ್ರೀ, ಹಾಲ್‌ನಾಗ ಎಲ್ಲ್ಯಾದರೂ ಮಲಗ್ತಾರ" ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ನಾನು ಒಂದೇ ಮನೆಯಲ್ಲಿ ಕೇಳಿದ್ದಲ್ಲ. ಎಪ್ಪತ್ತು ದಾಟಿದ, ರಾತ್ರಿ ಮೂರು ಸಲ ಏಳಬೇಕಾದ, ಮೊಣಕಾಲು ನೋವಿನ ಹೆಂಗಸಿಗೆ ಟಿ.ವಿ.ಯ ಎದುರಿನ ನೆಲ. ಇನ್ನೂ ನಾಲ್ಕು ವರ್ಷ ತುಂಬದ, ಒಬ್ಬನೇ ಮಲಗಲು ಹೆದರುವ ಹುಡುಗನಿಗೆ ಕಾರಿನ ಮಂಚ. ಹತ್ತನೆಯ ತರಗತಿಯಲ್ಲಿ ಓದುವ ಅಕ್ಕನಿದ್ದರೆ ಅವಳ ಪುಸ್ತಕಗಳು ಅಡುಗೆಮನೆಯ ಕಟ್ಟೆಯ ಕೆಳಗಿರುತ್ತವೆ. ನಿಜವಾಗಿ ಬಾಗಿಲಿರುವ ಒಂದು ಜಾಗ ಬೇಕಾದದ್ದು ಆ ಹುಡುಗಿಗೆ. ಬಟ್ಟೆ ಬದಲಿಸಲು, ಓದಲು, ಒಮ್ಮೊಮ್ಮೆ ಯಾರೂ ನೋಡದಂತೆ ಅಳಲು ಅವಳಿಗೊಂದು ಮರೆ ಬೇಕು. ಕಿರಿಯ ಮಗನಿಗೆ ಕೋಣೆ, ಹಿರಿಯ ಮಗಳಿಗೆ ಮೂಲೆ ಎಂಬ ಈ ಲೆಕ್ಕವನ್ನು 'ಮಕ್ಕಳ ಮೇಲಿನ ಪ್ರೀತಿ' ಎಂದು ಕರೆಯಲು ನಾನು ಒಪ್ಪಲಾರೆ. ಅದು ಮಗನ ಮೇಲಿನ ಮೋಹ. ನಮ್ಮ ಮನೆಗಳಿಗೆ ಅದು ಹೊಸದೇನಲ್ಲ, ಬಣ್ಣ ಮಾತ್ರ ಹೊಸದು.

ಇನ್ನು ಒಂದೇ ಕೋಣೆಯ ಮನೆಗಳ ಮಾತು. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಗೆ 2016ರಿಂದ ನಿಗದಿಯಾದ ಕನಿಷ್ಠ ಅಳತೆ, ಅಡುಗೆಯ ಜಾಗವೂ ಸೇರಿ, 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ಗಂಡ ಹೆಂಡತಿ, ಮೂವರು ಮಕ್ಕಳು, ಒಬ್ಬ ಮುತ್ಯಾ, ಎಲ್ಲರೂ ಅಷ್ಟರಲ್ಲೇ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳು ಇಂಥ ಮನೆಗಳಲ್ಲಿವೆ. ಇನ್ನು ಕೆಲವು ಪತ್ರಾ ಹೊದಿಸಿದ ಮನೆಗಳಲ್ಲಿವೆ. ಆ ಮನೆಯ ಮಗು ಭಾನುವಾರ ಬಲಿಪೂಜೆ ಮುಗಿಸಿ ಗೆಳೆಯನ ಮನೆಗೆ ಹೋಗಿ ಮೋಡದ ಚಾವಣಿ ನೋಡಿಕೊಂಡು ಬರುತ್ತದೆ. ರಾತ್ರಿ ತನ್ನ ಮನೆಯ ಪತ್ರಾ ನೋಡುತ್ತಾ ಮಲಗುತ್ತದೆ. ಮಾರನೆಯ ದಿನ ಆ ಮಗುವಿನ ತಂದೆ ಸ್ವಸಹಾಯ ಸಂಘದ ಸಾಲ ಕೇಳಲು ಹೋಗುತ್ತಾನೆ. ಆಕಳು ಕೊಳ್ಳಲು, ಹೊಲಿಗೆ ಯಂತ್ರ ಕೊಳ್ಳಲು ತೆಗೆದ ಸಾಲ ಅಂಟುಚಿತ್ರಕ್ಕೂ ಪ್ಲಾಸ್ಟಿಕ್ಕಿನ ಜಾರುಬಂಡಿಗೂ ಹೋದದ್ದುಂಟು. ಸಾಲದ ಕಂತು ಮಾತ್ರ ವಾರವಾರವೂ ತಪ್ಪದೆ ಬರುತ್ತದೆ.

ಹಾಗೆಂದು ಹಳೆಯ ಮನೆಗಳನ್ನು ಹೊಗಳಿ ಕೂರುವುದು ನನ್ನ ಉದ್ದೇಶವಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆಯ ದಪ್ಪ ಗೋಡೆ ಬೇಸಿಗೆಯಲ್ಲಿ ತಂಪು ಕೊಡುತ್ತಿತ್ತು ನಿಜ. ಆದರೆ ಒಳಗೆ ಬೆಳಕಿರಲಿಲ್ಲ, ಒಲೆಯ ಹೊಗೆ ಮಕ್ಕಳ ಎದೆಯಲ್ಲಿ ಕೂರುತ್ತಿತ್ತು, ಶೌಚಕ್ಕೆ ಹೆಣ್ಣುಮಕ್ಕಳು ಕತ್ತಲಾಗುವುದನ್ನು ಕಾಯಬೇಕಾಗಿತ್ತು. ಅದಕ್ಕೆ ಹಿಂದಿರುಗಿರೆಂದು ಹೇಳುವವನು ಅಲ್ಲಿ ಬಾಳಿದವನಾಗಿರಲಾರ. ಆದರೂ ಆ ಮನೆಯಲ್ಲಿ ಮಗುವಿನ ಅಳತೆಗೆ ಒದಗುವ ಒಂದೆರಡು ವಸ್ತುಗಳಿದ್ದವು. ಗೋಡೆಯಲ್ಲಿ ಕೈಗೆಟಕುವ ಮಾಡ ಇತ್ತು. ಬುಗುರಿ, ಗೋಲಿ, ಹುಣಿಸೆಬೀಜ ಇಡಲು ಅದು ಸಾಕಾಗಿತ್ತು. ಹಳೆಯ ಸೀರೆ ಧೋತರಗಳನ್ನು ಒಂದರ ಮೇಲೊಂದಿಟ್ಟು ಅಜ್ಜಿ ಹೊಲಿದ ಕೌದಿ ಇತ್ತು. ಯಾವ ತುಂಡು ಯಾರ ಸೀರೆಯದೆಂದು ಮಗುವಿಗೆ ಗೊತ್ತಿತ್ತು. ಫರಸಿಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದರೆ ಯಾರೂ ಬೈಯುತ್ತಿರಲಿಲ್ಲ, ಒರೆಸಿದರೆ ಹೋಗುತ್ತಿತ್ತು.

ಪವಿತ್ರ ಗ್ರಂಥದಲ್ಲಿ ಮಕ್ಕಳ ಕೋಣೆಯ ಪ್ರಸ್ತಾಪ ಎಲ್ಲಿ ಬರುತ್ತದೆಂದು ಹುಡುಕಿದರೆ ಮೊದಲು ಸಿಗುವುದು ಒಂದೇ ಕೋಣೆಯ ಮನೆ. ಲೂಕನ ಶುಭಸಂದೇಶದ 11ನೆಯ ಅಧ್ಯಾಯದಲ್ಲಿ, ನಡುರಾತ್ರಿ ಮೂರು ರೊಟ್ಟಿ ಕೇಳಲು ಬಂದ ಗೆಳೆಯನ ಸಾಮತಿ ಇದೆ. ಒಳಗಿರುವವನು ಏಳಲು ಹಿಂಜರಿಯುವುದಕ್ಕೆ ಕೊಡುವ ಕಾರಣ, ಬಾಗಿಲು ಹಾಕಿಯಾಗಿದೆ, ಮಕ್ಕಳು ತನ್ನೊಡನೆ ಮಲಗಿದ್ದಾರೆ ಎಂಬುದು. ಯೇಸುಸ್ವಾಮಿ ಈ ಕತೆ ಹೇಳಿದಾಗ ಕೇಳುಗರಲ್ಲಿ ಯಾರಿಗೂ ಅದು ಬಡತನದ ವರ್ಣನೆಯಾಗಿ ಕಂಡಿರಲಾರದು. ಅವರೆಲ್ಲರ ಮನೆ ಹಾಗೆಯೇ ಇತ್ತು. ನಜರೇತಿನ ಮನೆಯೂ ಬೇರೆಯಾಗಿರಲು ಕಾರಣವಿಲ್ಲ. ಮರಗೆಲಸದ ಮನೆಯಲ್ಲಿ ಬೆಳೆದ ಬಾಲಕನಿಗೆ ಆಟಿಕೆಯೇ ಇರಲಿಲ್ಲವೆಂದು ನಾನು ನಂಬುವುದಿಲ್ಲ. ತುಂಡು ಮರ, ಹೊಟ್ಟು, ತಂದೆಯ ಕಾಲಬುಡ ಅವನಿಗೆ ಇದ್ದೇ ಇದ್ದವು.

ಕೋಣೆಯನ್ನು ಸಜ್ಜುಗೊಳಿಸಿದ ಕತೆಯೂ ಬೈಬಲಿನಲ್ಲಿದೆ. ಅರಸುಗಳ ಎರಡನೆಯ ಗ್ರಂಥದ 4ನೆಯ ಅಧ್ಯಾಯದಲ್ಲಿ ಶೂನೇಮಿನ ಅನುಕೂಲಸ್ಥ ಹೆಂಗಸೊಬ್ಬಳು ಪ್ರವಾದಿ ಎಲೀಷನಿಗಾಗಿ ಮಾಳಿಗೆಯ ಮೇಲೆ ಒಂದು ಚಿಕ್ಕ ಕೋಣೆ ಕಟ್ಟಿಸಿ ನಾಲ್ಕೇ ನಾಲ್ಕು ವಸ್ತುಗಳನ್ನು ಇರಿಸುತ್ತಾಳೆ: ಮಂಚ, ಮೇಜು, ಕುರ್ಚಿ, ದೀಪ. ಅವಳಿಗೆ ಹಣದ ಕೊರತೆ ಇರಲಿಲ್ಲ. ಮಲಗಲು, ಉಣ್ಣಲು, ಓದಲು, ಬರೆಯಲು ಏನು ಬೇಕೋ ಅದನ್ನು ಇಟ್ಟಳು, ಅಲ್ಲಿಗೆ ನಿಲ್ಲಿಸಿದಳು. ಮುಂದೆ ಅವಳ ಒಬ್ಬನೇ ಮಗ ಹೊಲದಲ್ಲಿ ತಲೆನೋವೆಂದು ಕೂಗಿ, ತಾಯಿಯ ತೊಡೆಯ ಮೇಲೆ ಪ್ರಾಣ ಬಿಟ್ಟಾಗ ಅವಳು ಅವನನ್ನು ಮಲಗಿಸಿದ್ದು ಅದೇ ಮಂಚದ ಮೇಲೆ. ಅವನು ಮತ್ತೆ ಕಣ್ಣು ತೆರೆದದ್ದೂ ಅಲ್ಲಿಯೇ. ಅತಿಥಿಗಾಗಿ ಮಾಡಿದ ಕೋಣೆ ಮಗುವನ್ನು ಉಳಿಸಿತು. ನಮ್ಮಲ್ಲಿ ಮಗುವಿಗಾಗಿ ಮಾಡಿದ ಕೋಣೆಯಲ್ಲಿ ಅತಿಥಿ ಮಲಗುವುದಿರಲಿ, ಮನೆಯ ಅಜ್ಜಿಗೂ ಜಾಗವಿಲ್ಲ.

ನನ್ನ ಮಾತಿಗೆ ಎದುರಾಗಿ ಮತ್ತಾಯನ 6ನೆಯ ಅಧ್ಯಾಯವನ್ನು ತೋರಿಸಿದವರಿದ್ದಾರೆ. ಪ್ರಾರ್ಥಿಸುವಾಗ ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿರೆಂದು ಪ್ರಭುವೇ ಹೇಳಿಲ್ಲವೇ, ಏಕಾಂತವಿಲ್ಲದೆ ವ್ಯಕ್ತಿತ್ವ ಬೆಳೆಯುವುದೆಂತು ಎನ್ನುತ್ತಾರೆ. ಬಲವಾದ ಮಾತು. ನಾನೂ ಸೆಮಿನರಿಯಲ್ಲಿ ವರ್ಷಗಟ್ಟಲೆ ಬಾಳಿದವನು. ಒಂದು ಮೇಜು, ಒಂದು ದೀಪ, ಮುಚ್ಚಿದ ಬಾಗಿಲು ಒಬ್ಬ ಹದಿಹರೆಯದವನಿಗೆ ಏನು ಕೊಡಬಲ್ಲದೆಂದು ಬಲ್ಲೆ. ಆದುದರಿಂದಲೇ ಹದಿಮೂರು ದಾಟಿದ ಮಗಳಿಗೆ, ಪರೀಕ್ಷೆಗೆ ಕುಳಿತ ಮಗನಿಗೆ ಏಕಾಂತದ ಜಾಗ ಕೊಡಿರೆಂದು ನಾನೇ ಮೊದಲು ಹೇಳಿದೆ. ಕೋಣೆ ಇಲ್ಲದಿದ್ದರೆ ಒಂದು ಪರದೆ, ಅಟ್ಟದ ಒಂದು ಭಾಗ, ದಿನಕ್ಕೆ ಎರಡು ಗಂಟೆ ಟಿ.ವಿ. ಆರಿಸಿದ ಹಾಲ್ ಆದರೂ ಸರಿ. ಆದರೆ ಎರಡು ಮೂರು ವರ್ಷದ ಕೂಸಿಗೆ ಈ ವಾದ ಸಲ್ಲುವುದಿಲ್ಲ. ಕೂಸನ್ನು ಬೇರೆ ಕೋಣೆಯಲ್ಲಿ ಮಲಗಿಸುವುದು ಮುಂದುವರಿದ ದೇಶಗಳ ಪದ್ಧತಿ, ನಾವೂ ಮುಂದುವರಿಯಬೇಕು ಎಂಬ ಭ್ರಮೆ ಕೆಲವರಿಗಿದೆ. ಅಮೆರಿಕೆಯ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಕೊಟ್ಟ ಸೂಚನೆಯೇ ಬೇರೆ. ಕನಿಷ್ಠ ಮೊದಲ ಆರು ತಿಂಗಳು ಕೂಸು ತಂದೆತಾಯಿಯ ಕೋಣೆಯಲ್ಲೇ, ಅವರ ಹತ್ತಿರವೇ, ಆದರೆ ತನ್ನದೇ ಆದ ಬೇರೆ ಹಾಸಿಗೆಯಲ್ಲಿ ಮಲಗಬೇಕೆಂದು ಅವರು ಹೇಳುತ್ತಾರೆ. ನಮ್ಮ ತೊಟ್ಟಿಲು ಮಾಡುತ್ತಿದ್ದುದು ಇದನ್ನೇ ಅಲ್ಲವೇ?

ಬಾಲಕ ಸಮುವೇಲನನ್ನೂ ನೆನೆಯಿರಿ. ಅವನು ದೇವಾಲಯದಲ್ಲಿ ಒಬ್ಬನೇ ಮಲಗಿದ್ದನೆಂಬುದು ನಿಜ. ಆದರೆ ರಾತ್ರಿ ತನ್ನನ್ನು ಯಾರೋ ಕರೆದಂತಾದಾಗ ಮೂರು ಸಲವೂ ಎದ್ದು ಓಡಿದ್ದು ಮುದುಕ ಏಲಿಯ ಬಳಿಗೆ. ಕರೆದದ್ದು ಯಾರ ದನಿಯೆಂದು ತಿಳಿಸಿಕೊಡಲು ಓಡಿ ಹೋಗುವಷ್ಟು ಹತ್ತಿರದಲ್ಲಿ ಹಿರಿಯರೊಬ್ಬರಿದ್ದರು. ಇಂದು ನಡುರಾತ್ರಿ ನಮ್ಮ ಮಕ್ಕಳನ್ನು ಕರೆಯುವ ದನಿಗಳು ಬೇರೆ. ಅವು ಫೋನಿನಿಂದ ಬರುತ್ತವೆ.

ಇದು ನನ್ನ ತಕರಾರಿನ ಮುಖ್ಯ ಭಾಗ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು, ಪಾಠಗಳು ಫೋನಿಗೆ ಬಂದವು. ಸಾಲ ಮಾಡಿಯಾದರೂ ಮಕ್ಕಳ ಕೈಗೆ ಫೋನು ಕೊಟ್ಟೆವು. ಅಂದು ಅದು ಅನಿವಾರ್ಯವಾಗಿತ್ತು. ಶಾಲೆಗಳು ತೆರೆದವು, ಫೋನು ಮಾತ್ರ ಮರಳಿ ಅಪ್ಪನ ಜೇಬಿಗೆ ಬರಲಿಲ್ಲ. ಈಗ ಅದರ ಜೊತೆಗೆ ಚಿಲಕವಿರುವ ಕೋಣೆಯನ್ನೂ ಕೊಟ್ಟಿದ್ದೇವೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಹೊರಡಿಸಿದ ಕುಟುಂಬ ಪ್ರೀತಿಯ ಕುರಿತ ಪ್ರೇಷಿತ ಪತ್ರದ ಏಳನೆಯ ಅಧ್ಯಾಯ ಪೂರ್ತಿಯಾಗಿ ಮಕ್ಕಳ ಶಿಕ್ಷಣಕ್ಕೆ ಮೀಸಲಾಗಿದೆ. ಟಿ.ವಿ. ಮತ್ತು ಯಂತ್ರಗಳ ಮೂಲಕ ನಿಮ್ಮ ಮಕ್ಕಳ ಕೋಣೆಯನ್ನು ಯಾರು ಹೊಕ್ಕುತ್ತಿದ್ದಾರೆಂದು ಗಮನಿಸಿದ್ದೀರಾ ಎಂದು ಅವರು ತಂದೆತಾಯಿಯರನ್ನು ಅಲ್ಲಿ ಕೇಳುತ್ತಾರೆ. ಅದೇ ಅಧ್ಯಾಯದಲ್ಲಿ ಮಕ್ಕಳನ್ನು ಹೆಜ್ಜೆಹೆಜ್ಜೆಗೂ ಕಾವಲು ಕಾಯುವ ಗೀಳು ಶಿಕ್ಷಣವಲ್ಲವೆಂದೂ ಎಚ್ಚರಿಸುತ್ತಾರೆ. ಮಗುವಿನ ದೇಹ ಎಲ್ಲಿದೆ ಎಂಬುದಕ್ಕಿಂತ ಅದರ ಮನಸ್ಸು ಎಲ್ಲಿದೆ ಎಂದು ತಿಳಿಯುವುದು ದೊಡ್ಡದು ಎಂಬುದು ಅವರ ವಾದದ ತಿರುಳು. ಮಗ ತನ್ನ ಕೋಣೆಯಲ್ಲೇ ಇದ್ದಾನೆ, ಬೀದಿ ಅಲೆಯುತ್ತಿಲ್ಲ ಎಂದು ನೆಮ್ಮದಿಯಿಂದಿರುವ ತಂದೆತಾಯಿಯರು ಈ ಮಾತನ್ನು ಯೋಚಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳಿತು. ಅನ್ನ ತಿನ್ನಿಸಲು ಫೋನು, ಅಳು ನಿಲ್ಲಿಸಲು ಫೋನು ಎಂಬ ಮನೆಗಳಲ್ಲಿ ಆ ಒಂದು ಗಂಟೆ ಬೆಳಗಿನ ಉಪ್ಪಿಟ್ಟಿಗೇ ಮುಗಿದಿರುತ್ತದೆ. ದೊಡ್ಡ ಮಕ್ಕಳ ವಿಷಯದಲ್ಲಿ ನಾನು ಕೇಳುವುದಿಷ್ಟೇ: ಫೋನನ್ನು ಚಾರ್ಜಿಗೆ ಹಾಕುವ ಪ್ಲಗ್ಗು ಮಕ್ಕಳ ಕೋಣೆಯಲ್ಲಿ ಬೇಡ, ಹಾಲ್‌ನಲ್ಲಿರಲಿ. ವೈರಿಂಗ್ ಮಾಡುವವನಿಗೆ ಮೊದಲೇ ಹೇಳಿದರೆ ಖರ್ಚೂ ಉಳಿಯುತ್ತದೆ.

ಖರ್ಚಿನ ಮಾತು ಬಂದದ್ದರಿಂದ, ಕೋಣೆ ಮಾಡಲೇಬೇಕೆಂದು ಹೊರಟವರಿಗೆ ಕೆಲವು ಮಾತು ಹೇಳುತ್ತೇನೆ. ಗುರುಗಳು ಬಣ್ಣದ ಅಂಗಡಿ ತೆರೆದರೆಂದು ನಗಬೇಡಿರಿ. ಬಣ್ಣದಲ್ಲಿ ಸೀಸ ಇರುತ್ತದೆ. ಮಗುವಿನ ಮೆದುಳಿಗೆ ಅದು ವಿಷ. ಇಷ್ಟು ಪ್ರಮಾಣವಾದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಅದಕ್ಕಿಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಅದನ್ನು ಓದಿ ಕೊಳ್ಳಿರಿ. ಹೆಸರಿಲ್ಲದ ಎನಾಮೆಲ್ ಡಬ್ಬಿಯಿಂದ ಹಳದಿ ಕೆಂಪು ಬಳಿದು ಮಗು ಹಲ್ಲೂರುವ ಮಂಚದ ಕಟಕಟೆಯನ್ನು ಅಂದಗೊಳಿಸಬೇಡಿರಿ. ಹಳೆಯ ಬಣ್ಣ ಕೆರೆಯುವ ದಿನ ಮಕ್ಕಳನ್ನು ಬೇರೆ ಮನೆಗೆ ಕಳುಹಿಸಿರಿ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಊರುಗಳಲ್ಲಿ ಮೇಲಂತಸ್ತಿನ ಪಡುವಣ ಮೂಲೆಯನ್ನು ಮಕ್ಕಳಿಗೆ ಕೊಡುವುದು ಅವರನ್ನು ರೊಟ್ಟಿಯ ಹಂಚಿನ ಮೇಲೆ ಕೂರಿಸಿದಂತೆ. ಅದರ ಮೇಲೆ ಮೋಡದ ಚಾವಣಿ ಇಳಿಸಿದರೆ ಫ್ಯಾನು ಕೆಳಗಿಳಿಯುತ್ತದೆ, ಎರಡಂತಸ್ತಿನ ಮಂಚದ ಮೇಲೆ ಎದ್ದು ನಿಂತ ಹುಡುಗನ ಕೈ ಅದಕ್ಕೆ ತಾಗುತ್ತದೆ. ಗಾಜಿನ ಕಪಾಟನ್ನು ಗೋಡೆಗೆ ಬಿಗಿಯಿರಿ, ಇಲ್ಲವಾದರೆ ಹತ್ತಲು ಹೋದ ಮಗುವಿನ ಮೇಲೆ ಅದು ಬೀಳುತ್ತದೆ. ಕಿಟಕಿಗೆ ಸೊಳ್ಳೆಪರದೆ ಹಾಕಿಸಿರಿ. ಇವು ಯಾವುವೂ ಚಿತ್ರದಲ್ಲಿ ಚೆಂದ ಕಾಣುವುದಿಲ್ಲವಾದ್ದರಿಂದ ಯಾರೂ ನೆನಪಿಸುವುದಿಲ್ಲ.

ಬೀದರಿನ ಮಹಮೂದ್ ಗಾವಾನನ ಮದರಸಾವನ್ನು ನೀವು ನೋಡಿರುತ್ತೀರಿ. 1472ರಲ್ಲಿ ಕಟ್ಟಿದ ಆ ವಿದ್ಯಾಲಯದ ಹೊರಗೋಡೆಗೆ ಬಣ್ಣದ ಹೆಂಚುಗಳ ಅಲಂಕಾರವಿದೆ. ಒಳಗೆ ಅಂಗಳದ ಸುತ್ತ ವಿದ್ಯಾರ್ಥಿಗಳಿದ್ದ ಕೋಣೆಗಳಿಗೆ ಹೋದರೆ ಕಾಣುವುದು ಗಾಳಿ, ಬೆಳಕು, ಬರಿ ಗೋಡೆ. ಹಣದ ಕೊರತೆಯಿಂದ ಹಾಗೆ ಕಟ್ಟಿದ್ದಲ್ಲ. ಕಟ್ಟಿಸಿದವನು ಬಹಮನಿ ರಾಜ್ಯದ ಪ್ರಧಾನಿ. ಅಲಂಕಾರ ಯಾರಿಗೆ, ಬೆಳಕು ಯಾರಿಗೆ ಎಂಬ ವಿವೇಕ ಅವನಿಗಿತ್ತು.

ಮಗುವಿಗೆಂದೇ ಕೋಣೆ ರೂಪಿಸುವ ಹೊಸ ಚಿಂತನೆ ಒಬ್ಬ ಕಥೋಲಿಕ ಮಹಿಳೆಯಿಂದ ಬಂತೆಂಬುದು ನಮಗೆ ಹೆಮ್ಮೆಯ ವಿಷಯ. ವೈದ್ಯೆ ಮರಿಯ ಮಾಂಟೆಸ್ಸರಿ 1907ರ ಜನವರಿ 6ರಂದು, ಪ್ರಭು ಪ್ರಕಟಣೆಯ ಹಬ್ಬದ ದಿನ, ರೋಮಿನ ಸಾನ್ ಲೊರೆಂಜೊ ಎಂಬ ಬಡಬಡಾವಣೆಯಲ್ಲಿ 'ಮಕ್ಕಳ ಮನೆ' ತೆರೆದರು. ತಂದೆತಾಯಿಯರು ದುಡಿಯಲು ಹೋದಾಗ ಮಕ್ಕಳು ಕಟ್ಟಡವನ್ನು ಹಾಳುಗೆಡಹುತ್ತಾರೆಂಬುದು ಆ ಕಟ್ಟಡಗಳ ಒಡೆಯರ ಚಿಂತೆಯಾಗಿತ್ತು. ಅವರಿಗೆ ಬೇಕಾಗಿದ್ದುದು ಗೋಡೆಯ ರಕ್ಷಣೆ. ಆಕೆ ನೋಡಿದ್ದು ಮಗುವನ್ನು. ಮಗು ಎತ್ತಿಡಬಹುದಾದ ಹಗುರ ಕುರ್ಚಿ, ಕೈಗೆಟಕುವ ತೆರೆದ ಕಪಾಟು, ಒಡೆಯಬಹುದಾದ ನಿಜವಾದ ಲೋಟ, ಸಣ್ಣ ಪೊರಕೆ ಇಟ್ಟರು. 1939ರಲ್ಲಿ ಭಾರತಕ್ಕೆ ಬಂದು ಯುದ್ಧದ ವರ್ಷಗಳನ್ನು ಅಡ್ಯಾರ್, ಕೊಡೈಕೆನಾಲ್‌ಗಳಲ್ಲಿ ಕಳೆದು ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಇಂದು ಅವರ ಹೆಸರಿನ ಫಲಕ ನಮ್ಮ ಊರೂರಿನಲ್ಲಿದೆ. ಎಷ್ಟೋ ಕಡೆ ಆ ಫಲಕದ ಹಿಂದೆ ಇರುವುದು ಕೈಗೆಟಕದ ಕಪಾಟು ಮತ್ತು ಬೆತ್ತ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಸರ್ಕಾರಿ ಶಾಲೆಯ ನಲಿಕಲಿ ಕೋಣೆಗೆ ಹೋಗಿ ನೋಡಿರಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ಅಲ್ಲಿ ಗೋಡೆಯ ಕೆಳಭಾಗಕ್ಕೆ, ನೆಲದಲ್ಲಿ ಕುಳಿತ ಮಗುವಿನ ಎತ್ತರಕ್ಕೆ ಕಪ್ಪು ಬಣ್ಣ ಬಳಿದು ಪ್ರತಿಯೊಂದು ಮಗುವಿಗೂ ಬರೆಯಲು ತನ್ನದೇ ಆದ ಜಾಗ ಕೊಡುತ್ತಾರೆ. ಮೇಲೆ ದಾರ ಕಟ್ಟಿ ಮಾಡಿದ ಚಪ್ಪರದಲ್ಲಿ ಮಕ್ಕಳೇ ಬಿಡಿಸಿದ ಚಿತ್ರ, ಕತ್ತರಿಸಿದ ಕಾಗದ ತೂಗಾಡುತ್ತಿರುತ್ತವೆ. ಇದರ ಖರ್ಚು ಸೀಮೆಸುಣ್ಣ, ದಾರ, ಒಂದು ಡಬ್ಬಿ ಬಣ್ಣ. ಇದಕ್ಕಿಂತ ಒಳ್ಳೆಯ ಮಕ್ಕಳ ಕೋಣೆಯ ಅಲಂಕಾರವನ್ನು ನಾನು ಯಾವ ಶ್ರೀಮಂತರ ಮನೆಯಲ್ಲೂ ಕಂಡಿಲ್ಲ. ವಿಚಿತ್ರವೆಂದರೆ ಆ ಶಾಲೆಯನ್ನು ಬಡವರ ಶಾಲೆಯೆಂದು ಮೂಗು ಮುರಿದು, ಮಕ್ಕಳನ್ನು ಇಂಗ್ಲಿಷ್ ಶಾಲೆಯ ಬಸ್ಸಿಗೆ ಹತ್ತಿಸುವವರೇ ಮನೆಯಲ್ಲಿ ಗೋಡೆಗೆ ಕೈ ಹಚ್ಚಬೇಡವೆಂದು ಮಗುವಿಗೆ ಹೊಡೆಯುತ್ತಾರೆ. ನಿಮ್ಮ ಮನೆಯ ಯಾವುದಾದರೊಂದು ಗೋಡೆಯ ಕೆಳಗಿನ ಮೂರು ಅಡಿಯನ್ನು ಮಗುವಿಗೆ ಬರೆದುಕೊಡಿರಿ. ನೆಂಟರು ಬಂದಾಗ ಒರೆಸಬೇಡಿರಿ.

ಆಟಿಕೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2021ರ ಜನವರಿ 1ರಿಂದ ನಮ್ಮಲ್ಲಿ ಮಾರುವ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಜಾತ್ರೆಯಲ್ಲಿ ಗುರುತಿಲ್ಲದ ಪ್ಲಾಸ್ಟಿಕ್ ಕೊಳ್ಳುವಾಗ ನೆನಪಿರಲಿ. ನೋಂದಾಯಿತ ಕರಕುಶಲಿಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ವಿನಾಯಿತಿ ಇರುವುದರಿಂದ ಹಾಲೆ ಮರ ಕಡೆದು ಅರಗಿನ ಬಣ್ಣ ಕೊಟ್ಟ ಚನ್ನಪಟ್ಟಣದ ಗೊಂಬೆಯಲ್ಲಿ ಆ ಗುರುತು ಇಲ್ಲದಿದ್ದರೆ ಹೆದರಬೇಕಾಗಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಊರ ಮಕ್ಕಳು ಕೆರೆಯ ಮಣ್ಣಿನಲ್ಲಿ ಎತ್ತು ಮಾಡುವುದನ್ನು ನೋಡಿದ್ದೀರಲ್ಲ. ನಮ್ಮ ಮಕ್ಕಳೂ ಅದೇ ಮಣ್ಣಿನಿಂದ ಗೋದಲಿಯ ಕುರಿ, ಎತ್ತು, ಕತ್ತೆ ಮಾಡಲಿ. ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಗ್ರಾಮದಲ್ಲಿ ಮೊದಲ ಗೋದಲಿ ಮಾಡಿದಾಗ ಜೀವಂತ ಎತ್ತು ಕತ್ತೆಗಳನ್ನೂ ಹುಲ್ಲನ್ನೂ ತಂದರೇ ಹೊರತು ಮಿಣುಕುದೀಪದ ಪೆಟ್ಟಿಗೆ ತರಲಿಲ್ಲ.

ನಮ್ಮ ಧರ್ಮಕೇಂದ್ರಗಳನ್ನೂ ಬಿಟ್ಟು ಮಾತಾಡಲಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ಧರ್ಮಸಭೆಯೇ ಮಕ್ಕಳಿಗೆ ಜಾಗ ಕೊಡದಿದ್ದರೆ ಗೃಹಸಭೆ ಯಾರನ್ನು ನೋಡಿ ಕಲಿಯಬೇಕು? ಎಷ್ಟು ಕಡೆ ಧರ್ಮೋಪದೇಶದ ಕೋಣೆ ಭಾನುವಾರ ಒಂದು ಗಂಟೆ ತೆರೆದು ಆರು ದಿನ ಬೀಗ ಹಾಕಿರುತ್ತದೆ! ಒಳಗೆ ಮುರಿದ ಬೆಂಚು, ಹಬ್ಬದ ಶಾಮಿಯಾನದ ಕಂಬ, ಮೈಕಿನ ಪೆಟ್ಟಿಗೆ. ಮಕ್ಕಳ ಕಣ್ಣೆತ್ತರಕ್ಕೆ ಒಂದು ಚಿತ್ರವೂ ಇರುವುದಿಲ್ಲ. ಸೋಫಿಯಾ ಕವಲೆತ್ತಿ ಎಂಬ ಬೈಬಲ್ ವಿದ್ವಾಂಸೆ 1954ರಿಂದ ರೋಮಿನಲ್ಲಿ ಮಾಂಟೆಸ್ಸರಿಯ ಹಾದಿಯಲ್ಲೇ ಮಕ್ಕಳಿಗೆ ಧರ್ಮೋಪದೇಶ ನೀಡಿದರು. ಪುಟ್ಟ ಬಲಿಪೀಠ, ಪುಟ್ಟ ಪೂಜಾಪಾತ್ರೆ, ಮರದ ಕುರಿಗಾಹಿ ಮತ್ತು ಕುರಿಗಳನ್ನು ಮಕ್ಕಳ ಕೈಗೇ ಕೊಟ್ಟು ಒಳ್ಳೆಯ ಕುರಿಗಾಹಿಯನ್ನು ಪರಿಚಯಿಸಿದರು. ಸಂತ ಜಾನ್ ಬೋಸ್ಕೊ 1846ರ ಪಾಸ್ಖ ಹಬ್ಬದಂದು ಟ್ಯೂರಿನ್ನಿನಲ್ಲಿ ತಮ್ಮ ಹುಡುಗರೊಡನೆ ಹೊಕ್ಕದ್ದು ಒಂದು ತಗ್ಗು ಶೆಡ್ಡಿಗೆ. ಅದರ ಮುಂದೆ ಆಡಲು ಬಯಲಿತ್ತು, ಆಟದ ನಡುವೆ ಗುರುಗಳೂ ಇದ್ದರು. ಅವರ ಶಿಕ್ಷಣ ಪದ್ಧತಿಯ ಅರ್ಧಭಾಗ ಅಷ್ಟೇ. ಪ್ರವಾದಿ ಜೆಕರ್ಯ ಉದ್ಧಾರವಾದ ಜೆರುಸಲೇಮನ್ನು ಕಲ್ಪಿಸಿಕೊಳ್ಳುವಾಗ ಕಂಡದ್ದು ಕೋಲೂರಿಕೊಂಡು ಬೀದಿಯಲ್ಲಿ ಕುಳಿತ ಮುದುಕ ಮುದುಕಿಯರನ್ನು ಮತ್ತು ಅದೇ ಬೀದಿಯಲ್ಲಿ ತುಂಬಿ ಆಡುವ ಹುಡುಗ ಹುಡುಗಿಯರನ್ನು. ಇಬ್ಬರನ್ನೂ ಅವನು ಒಂದೇ ಜಾಗದಲ್ಲಿ ಕಂಡನು.

ಆದುದರಿಂದ ನಿಮ್ಮ ಬಳಿ ಮಕ್ಕಳ ಕೋಣೆಗೆಂದು ತೆಗೆದಿಟ್ಟ ಹಣವಿದ್ದರೆ ಅದರ ಒಂದು ಪಾಲನ್ನು ಎಲ್ಲರ ಮಕ್ಕಳೂ ಬರುವ ಕೋಣೆಗೆ ಕೊಡಿರೆಂದು ಕೇಳುತ್ತೇನೆ. ಅಂಗನವಾಡಿ ಕಟ್ಟಡಕ್ಕೆ ಕೂರುವ ಕೋಣೆ, ಅಡುಗೆ, ಉಗ್ರಾಣ, ಮಕ್ಕಳ ಶೌಚಾಲಯ ಸೇರಿ ಕನಿಷ್ಠ 600 ಚದರ ಅಡಿ ಇರಬೇಕೆಂಬುದು ಸರ್ಕಾರದ್ದೇ ಮಾರ್ಗಸೂಚಿ. ನಿಮ್ಮ ಓಣಿಯ ಅಂಗನವಾಡಿಯನ್ನು ಒಮ್ಮೆ ಹೆಜ್ಜೆಯಿಂದ ಅಳೆದು ನೋಡಿರಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ 'ಕೂಸಿನ ಮನೆ' ತೆರೆಯುವುದಾಗಿ 2023-24ರ ಬಜೆಟ್ಟಿನಲ್ಲಿ ಘೋಷಿಸಲಾಯಿತು. ನಿಮ್ಮ ಊರಿನಲ್ಲಿ ಅದು ತೆರೆದಿದೆಯೇ, ತೆರೆದಿದ್ದರೆ ಅಲ್ಲಿ ಹಾಸಲು ಚಾಪೆಯಿದೆಯೇ, ಫ್ಯಾನು ತಿರುಗುತ್ತದೆಯೇ ಎಂದು ವಿಚಾರಿಸಿರಿ. ಇಲ್ಲವಾದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಒಬ್ಬರೇ ಹೋಗಲು ಸಂಕೋಚವಾದರೆ ಧರ್ಮಕೇಂದ್ರದ ಸ್ತ್ರೀಸಂಘದವರು ಒಟ್ಟಾಗಿ ಹೋಗಿರಿ. ಸೊಂಟದಲ್ಲಿ ಕೂಸಿರುವವರು ಕೂಸನ್ನೂ ಎತ್ತಿಕೊಂಡೇ ಹೋಗಿರಿ.